ಒಂದು ಕಾಲಕ್ಕೆ ಹುಚ್ಚು ಹಿಡಿಸಿದ್ದ ಬ್ಯಾಂಡ್ ಈಗ ಯಾಕೆ ರುಚಿಸುತ್ತಿಲ್ಲ?

ಸಂಗೀತದ ಬಗ್ಗೆ ಬರೆಯುವವರಿಗೆ ಪದೇ ಪದೇ ಬರುವ ಪ್ರಶ್ನೆ ಇದು: “ಹದಿನೇಳು ಹದಿನೆಂಟರಲ್ಲಿ ಹಗಲು ರಾತ್ರಿ ಕೇಳುತ್ತಿದ್ದ ಬ್ಯಾಂಡನ್ನು ಈಗ ಹಾಕಿದರೆ ಎರಡು ಹಾಡಿಗೇ ಸಾಕೆನಿಸುತ್ತದೆ. ಆಗ ನಾನು ಮರುಳಾಗಿದ್ದೆನಾ? ಅಥವಾ ಈಗ ನನ್ನ ಕಿವಿ ಕೆಟ್ಟಿದೆಯಾ?”

ಎರಡೂ ಅಲ್ಲ. ಹೆಚ್ಚಿನವರ ವಿಷಯದಲ್ಲಿ ಆಗಿರುವುದು ಇಷ್ಟೇ: ಕಿವಿ ಆ ಬ್ಯಾಂಡಿನಿಂದ ಕಲಿಯಬೇಕಾದ್ದನ್ನೆಲ್ಲ ಕಲಿತು ಮುಗಿಸಿದೆ. ಆದರೆ ಅತಿಯಾಗಿ ಕೇಳಿ ಬಂದ ಅಜೀರ್ಣ, ಕೆಟ್ಟ ರಿಮಾಸ್ಟರ್ (ಹಳೆಯ ರೆಕಾರ್ಡಿಂಗಿನ ಸದ್ದನ್ನು ಹೊಸದಾಗಿ ತಿದ್ದಿ ಹೊರತಂದ ಪ್ರತಿ), ಕುಗ್ಗಿದ ಶ್ರವಣಶಕ್ತಿ ಈ ಮೂರೂ ಹೊರಗಿನಿಂದ ನೋಡಿದರೆ “ಅಭಿರುಚಿ ಬದಲಾಯಿತು” ಎಂಬಂತೆಯೇ ಕಾಣುತ್ತವೆ. ಹಾಗಾಗಿ ಆ ಬ್ಯಾಂಡಿಗೆ ವಿದಾಯ ಹೇಳುವ ಮುಂಚೆ ಇವನ್ನು ಒಂದೊಂದಾಗಿ ಪರೀಕ್ಷಿಸಿ ನೋಡಬೇಕು.

ಮೊದಲು ಕಿವಿ ಕಲಿಯುವ ಬಗೆ. ತೀರಾ ಸಾಮಾನ್ಯವಾದ ಒಂದು ರಾಕ್ ಹಾಡಿನ ಕಟ್ಟಡ ನೋಡಿ. ನಾಲ್ಕು ಎಣಿಕೆಯ ಬಾರ್, ಅಂದರೆ ತಾಳದ ಒಂದು ಸುತ್ತು. ಒಂದು ಮತ್ತು ಮೂರಕ್ಕೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಎರಡು ಮತ್ತು ನಾಲ್ಕಕ್ಕೆ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್). ಸಿ, ಜಿ, ಎ ಮೈನರ್, ಎಫ್ ಎಂಬ ನಾಲ್ಕು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಗಾಣದೆತ್ತಿನ ಹಾಗೆ ಸುತ್ತುತ್ತವೆ. ಬೇಸ್ ಗಿಟಾರ್ ಪ್ರತಿ ಕಾರ್ಡಿನ ಮೂಲಸ್ವರವನ್ನೇ ಎಂಟೆಂಟು ಸಲ ಮೀಟುತ್ತದೆ. ಏಳು ಬಾರ್ ಹೀಗೆ ನಡೆದು, ಎಂಟನೆಯದರಲ್ಲಿ ಡ್ರಮ್ಮರ್ ಸ್ನೇರ್‌ನಿಂದ ಟಾಮ್‌ಗಳೆಂಬ ಇತರ ಡ್ರಮ್‌ಗಳ ಮೇಲೆ ದಡದಡನೆ ಇಳಿಯುತ್ತಾನೆ. ಕ್ರ್ಯಾಶ್ ಸಿಂಬಲ್ ಸಿಡಿಯುತ್ತದೆ, ಕೋರಸ್ (ಪಲ್ಲವಿ) ಬರುತ್ತದೆ. ಇದನ್ನು ಮೊದಲ ಸಲ ಕೇಳುವ ಕಿವಿಗೆ ಆ ಇಳಿತದಲ್ಲೇ ಮೈ ಜುಮ್ಮೆನ್ನುತ್ತದೆ. ಸಾವಿರ ಹಾಡು ಕೇಳಿದ ಕಿವಿಗೆ ಐದನೇ ಬಾರ್‌ನಲ್ಲೇ ಎಲ್ಲ ಗೊತ್ತಾಗಿರುತ್ತದೆ.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಇಷ್ಟದ ಸಂಗೀತ ಕೇಳುವಾಗ ಮಿದುಳಿನಲ್ಲಿ ಸುಖದ ಜೊತೆ ನಂಟಿರುವ ಡೋಪಮಿನ್ ಎಂಬ ರಾಸಾಯನಿಕ ಎರಡು ಕಡೆ ಬಿಡುಗಡೆಯಾಗುತ್ತದೆ: ರೋಮಾಂಚನದ ಗಳಿಗೆಯಲ್ಲಿ ಒಂದು ಭಾಗದಲ್ಲಿ, ಅದು ಬರಲಿದೆ ಎಂದು ಕಾಯುವಾಗ ಇನ್ನೊಂದರಲ್ಲಿ. ಅಂದರೆ ಕಾಯುವುದೂ ಸುಖದ ಪಾಲೇ. ಆದರೆ ಬರುವುದು ಖಚಿತ ಅಂತಾದರೆ ಕಾಯುವುದರಲ್ಲಿ ಏನು ಉಳಿಯಿತು?

ಪರಿಚಯ ಹೆಚ್ಚಿದಷ್ಟೂ ಇಷ್ಟ ಹೆಚ್ಚುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲಿ ತೋರಿಸಿದ್ದರು. ಡೇನಿಯಲ್ ಬರ್ಲೈನ್ 1971ರಲ್ಲಿ ಅದರ ಇನ್ನೊಂದು ಮಗ್ಗುಲನ್ನು ಹೇಳಿದರು: ಇಷ್ಟದ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಸರಳ ಹಾಡು ಬೇಗ ತುದಿ ಮುಟ್ಟಿ ಬೇಗ ಇಳಿಯುತ್ತದೆ. ಒಳಗೆ ಪದರಗಳಿರುವ ಹಾಡು ನಿಧಾನ ಏರುತ್ತದೆ, ಬಹಳ ಕಾಲ ಮೇಲೇ ಇರುತ್ತದೆ. ಹದಿಹರೆಯದಲ್ಲಿ ಮೊದಲ ಕೇಳುವಿಕೆಗೇ ಹಿಡಿದ ಬ್ಯಾಂಡ್‌ಗಳು ಬೇಗ ಸಪ್ಪೆಯಾಗುವುದೂ, ಆಗ “ಅರ್ಥವಾಗಲಿಲ್ಲ” ಅಂತ ಬದಿಗಿಟ್ಟವು ಈಗ ಹಿಡಿಯುವುದೂ ಇದೇ ಕಾರಣಕ್ಕೆ.

ಇನ್ನು ಪರೀಕ್ಷೆಗಳು. ಅಜೀರ್ಣವನ್ನು ಪತ್ತೆಹಚ್ಚುವುದು ಸುಲಭ. ಮೂರು ತಿಂಗಳು ಆ ಬ್ಯಾಂಡನ್ನು ಮುಟ್ಟಬೇಡಿ. ಆಮೇಲೆ ಜನಪ್ರಿಯ ಹಾಡುಗಳನ್ನು ಬಿಟ್ಟು, ಆಲ್ಬಮ್‌ನ ಕೊನೆಯ ಮೂರು ಹಾಡುಗಳಿಂದ ಶುರು ಮಾಡಿ. ಸ್ಟ್ರೀಮಿಂಗ್ ಆ್ಯಪ್‌ಗಳು ಒಂದು ಬ್ಯಾಂಡಿನ ಅದೇ ಐದಾರು ಹಾಡುಗಳನ್ನು ಮತ್ತೆ ಮತ್ತೆ ಮುಂದಿಡುತ್ತವೆ. ಎಷ್ಟೋ ಸಲ ಹಳಸಿರುವುದು ಆ ಐದಾರು ಹಾಡುಗಳು ಮಾತ್ರ, ಬ್ಯಾಂಡ್ ಅಲ್ಲ.

ಎರಡನೆಯದು ನೀವು ಕೇಳುತ್ತಿರುವ ಪ್ರತಿ. ಇದನ್ನು ಯಾರೂ ಗಮನಿಸುವುದಿಲ್ಲ ಅನ್ನುವುದು ನಿಜಕ್ಕೂ ಬೇಸರದ ಸಂಗತಿ. 1990ರ ದಶಕದಿಂದೀಚೆಗೆ ಹಾಡುಗಳನ್ನು ಜೋರಾಗಿ ಕೇಳಿಸಲೆಂದು ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುಂಚೆ ಸದ್ದನ್ನು ಕೊನೆಯದಾಗಿ ಹದಗೊಳಿಸುವ ಹಂತ) ವಿಪರೀತ ಕಂಪ್ರೆಸ್ ಮಾಡುವ, ಅಂದರೆ ಜೋರು ಮತ್ತು ಮೆಲು ಸದ್ದಿನ ಅಂತರವನ್ನು ಕುಗ್ಗಿಸುವ ಚಾಳಿ ಬೆಳೆಯಿತು. ಮೆಲುದನಿ ಮೇಲೇರುತ್ತದೆ, ಡ್ರಮ್ಮಿನ ಏಟಿನ ತುದಿ ಕತ್ತರಿಸಿಹೋಗುತ್ತದೆ, ಏರಿಳಿತವೇ ಇಲ್ಲದ ಗೋಡೆಯಂಥ ಸದ್ದು ಉಳಿಯುತ್ತದೆ. ಮೆಟಾಲಿಕಾ ಬ್ಯಾಂಡಿನ 2008ರ ಆಲ್ಬಮ್ ಇದಕ್ಕೆ ಕುಖ್ಯಾತ ಉದಾಹರಣೆ. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿನಲ್ಲಿ ಇದಕ್ಕಿಂತ ಬಿಡುವಾಗಿ ಕೇಳುವುದನ್ನು ಅಭಿಮಾನಿಗಳೇ ಪತ್ತೆಹಚ್ಚಿದರು. ಹಳೆಯ ಆಲ್ಬಮ್‌ಗಳ ರಿಮಾಸ್ಟರ್‌ಗಳಿಗೂ ಹಲವು ಕಡೆ ಇದೇ ಗತಿ. ಇಪ್ಪತ್ತು ನಿಮಿಷಕ್ಕೆ ತಲೆ ಭಾರವಾಗುತ್ತಿದ್ದರೆ ಮೊದಲ ಬಿಡುಗಡೆಯ ಸಿಡಿ ಹುಡುಕಿ ಹೋಲಿಸಿ. ಹೋಲಿಸುವಾಗ ಎರಡರ ಸದ್ದಿನ ಮಟ್ಟ ಒಂದೇ ಇರಲಿ, ಯಾಕೆಂದರೆ ಒಂದೆರಡು ಡೆಸಿಬಲ್ ಜೋರಿದ್ದರೂ ಕಿವಿ ಅದನ್ನೇ “ಚೆನ್ನಾಗಿದೆ” ಅನ್ನುತ್ತದೆ. ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯ) ಆನ್ ಮಾಡಿದರೆ ಅರ್ಧ ಕೆಲಸ ಆಯಿತು.

1960ರ ದಶಕದ ಬ್ಯಾಂಡ್‌ಗಳಲ್ಲಿ ಬೇರೆಯೇ ತೊಡಕು. ಬೀಟಲ್ಸ್ ತಮ್ಮ ಮೊದಲ ಆಲ್ಬಮ್‌ನ ಹತ್ತು ಹಾಡುಗಳನ್ನು 1963ರ ಫೆಬ್ರವರಿ 11ರ ಒಂದೇ ದಿನದಲ್ಲಿ, ಎರಡು ಟ್ರ್ಯಾಕ್‌ನ ಟೇಪಿನ ಮೇಲೆ ರೆಕಾರ್ಡ್ ಮಾಡಿದರು. ಅದರ ಸ್ಟೀರಿಯೋ ಪ್ರತಿಯನ್ನು ಹೆಡ್‌ಫೋನಿನಲ್ಲಿ ಕೇಳಿದರೆ ವಾದ್ಯಗಳು ಒಂದು ಕಿವಿಗೆ, ದನಿಗಳು ಇನ್ನೊಂದು ಕಿವಿಗೆ. ಹಾಡು ಎರಡು ಹೋಳಾದ ಹಾಗೆ. ಎರಡೂ ಕಿವಿಗೆ ಒಂದೇ ಸದ್ದು ಬರುವ ಮೋನೋ ಪ್ರತಿಯನ್ನು ಹಾಕಿ ನೋಡಿ, ಅದೇ ಹಾಡು ಎದೆಗೆ ಬಂದು ಬಡಿಯುತ್ತದೆ.

ಮೂರನೆಯದು ಕಿವಿಯ ಆರೋಗ್ಯ. ವಯಸ್ಸಾದಂತೆ ಮೊದಲು ಹೋಗುವುದು ಮೇಲಿನ ಆವರ್ತನಗಳು. ಜೋರು ಸದ್ದಿನಿಂದಾದ ಹಾನಿ ಸಾಮಾನ್ಯವಾಗಿ 3ರಿಂದ 6 ಕಿಲೋಹರ್ಟ್ಸ್ ನಡುವೆ ಕಾಣಿಸಿಕೊಳ್ಳುತ್ತದೆ. ಗಿಟಾರಿನ ಕಚ್ಚು, ಹಾಡುಗಾರರ ವ್ಯಂಜನಗಳ ಸ್ಪಷ್ಟತೆ ಇರುವುದೇ ಆ ಸುತ್ತಮುತ್ತ. ಎಲ್ಲ ಬ್ಯಾಂಡ್‌ಗಳೂ ಮಬ್ಬಾಗಿ ಕೇಳುತ್ತಿದ್ದರೆ, ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ, ಇದು ಅಭಿರುಚಿಯ ಮಾತಲ್ಲ. ಆಡಿಯಾಲಜಿಸ್ಟ್ ಬಳಿ ಶ್ರವಣ ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ.

ಬ್ಯಾಂಡೇ ಬದಲಾಗಿರುವುದೂ ಉಂಟು. ರೇಡಿಯೋಹೆಡ್ 1997ರಲ್ಲಿ ಗಿಟಾರುಗಳ ಆಲ್ಬಮ್ ಕೊಟ್ಟು, 2000ದಲ್ಲಿ ಸಿಂಥಸೈಸರುಗಳ ಲೋಕಕ್ಕೆ ಹೋದಾಗ ಹಳೆಯ ಕೇಳುಗರಲ್ಲಿ ಹಲವರು ತಬ್ಬಿಬ್ಬಾದರು. ಇಲ್ಲಿ ಮಾಡಬಾರದ ತಪ್ಪೆಂದರೆ ಹೊಸ ಆಲ್ಬಮ್ ಹಿಡಿಸಲಿಲ್ಲ ಅಂತ ಹಳೆಯದನ್ನೂ ಬಿಡುವುದು.

ಇಷ್ಟೆಲ್ಲ ಆದಮೇಲೆ ಕೊನೆಯ ಪರೀಕ್ಷೆ, ಬಹಳ ಖುಷಿ ಕೊಡುವಂಥದ್ದು. ಒಂದೇ ಹಾಡನ್ನು ನಾಲ್ಕು ಸಲ ಕೇಳಿ. ಮೊದಲ ಸಲ ಡ್ರಮ್ ಮಾತ್ರ, ಅದರಲ್ಲೂ ಹೈ-ಹ್ಯಾಟ್ (ಒಂದರ ಮೇಲೊಂದಿರುವ ಜೋಡಿ ಸಿಂಬಲ್) ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಅನ್ನುವುದು. ಎರಡನೇ ಸಲ ಬೇಸ್: ಮೂಲಸ್ವರವನ್ನೇ ಮೀಟುತ್ತಿದೆಯಾ, ಕಾರ್ಡಿನಿಂದ ಕಾರ್ಡಿಗೆ ನಡೆದುಕೊಂಡು ಹೋಗುತ್ತಿದೆಯಾ? ಮೂರನೇ ಸಲ ಮುಖ್ಯ ದನಿಯ ಹಿಂದಿರುವ ದನಿಗಳು. ನಾಲ್ಕನೆಯ ಸಲ ಸ್ನೇರ್ ಏಟಿನ ಬಾಲ, ಅಂದರೆ ಪ್ರತಿಧ್ವನಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು. ಸಣ್ಣ ಫೋನ್ ಸ್ಪೀಕರಿನಲ್ಲಿ ಇದು ಆಗದು, ಅಲ್ಲಿ ಬೇಸ್ ಕೇಳಿಸುವುದೇ ಇಲ್ಲ. ಸಾಧಾರಣ ಹೆಡ್‌ಫೋನ್ ಸಾಕು. ನಾಲ್ಕು ಸಲದಲ್ಲಿ ಎರಡು ಹೊಸ ಸಂಗತಿ ಸಿಕ್ಕರೂ ಆ ಬ್ಯಾಂಡಿನಲ್ಲಿ ನಿಮಗೆ ಇನ್ನೂ ಕೇಳುವುದಕ್ಕಿದೆ. ಏನೂ ಸಿಗದಿದ್ದರೆ ಆ ಬ್ಯಾಂಡ್ ನಿಮ್ಮ ಮಟ್ಟಿಗೆ ಮುಗಿದಿದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಹಳೆಯ ಬ್ಯಾಂಡನ್ನು ಹೀಗಳೆಯುವುದೂ ಬೇಡ, ಇವತ್ತಿನ ರುಚಿಯನ್ನು ಬೆಳೆಸಿದ್ದು ಅದೇ.

ಮುಗಿದ ಬ್ಯಾಂಡಿನಿಂದ ಮುಂದಕ್ಕೆ ದಾರಿಯೂ ಅದರಲ್ಲೇ ಇರುತ್ತದೆ. ಸಿಡಿಯ ಒಳಪುಟ ತೆಗೆದು ನಿರ್ಮಾಪಕ ಯಾರು, ಡ್ರಮ್ಮರ್ ಬೇರೆ ಯಾರ ಜೊತೆ ನುಡಿಸಿದ್ದಾರೆ, ಬೇರೆ ಯಾರ ಹಾಡನ್ನು ತಾವು ಹಾಡಿ ಕವರ್ ಮಾಡಿದ್ದಾರೆ ನೋಡಿ. ಆ ಮೂರು ಹೆಸರು ಹಿಡಿದು ತಲಾ ಒಂದು ಆಲ್ಬಮ್ ಕೇಳಿ, ಒಂದೊಂದನ್ನೂ ಬೇರೆ ಬೇರೆ ದಿನ ಕನಿಷ್ಠ ಮೂರು ಸಲ. ಮೊದಲ ಸಲಕ್ಕೇ ಹಿಡಿಸಲಿಲ್ಲ ಅಂತ ಬಿಡಬೇಡಿ. ಗುಡ್ಡ ಏರುವ ಭಾಗ ಶುರುವಾಗಿರುವುದೇ ಆಗ. ಹಳೆಯ ಬ್ಯಾಂಡಿನಲ್ಲಿ ಇನ್ನೂ ಮೈ ಜುಮ್ಮೆನ್ನಿಸುವ ನಾಲ್ಕೈದು ಹಾಡುಗಳನ್ನು ಬೇರೆಯಾಗಿ ಎತ್ತಿಡಿ, ದಿನದ ಪ್ಲೇಲಿಸ್ಟಿಗೆ ಸೇರಿಸಬೇಡಿ.