ತ್ರೀ ಫೇಸ್ ಬರುವ ಮೊದಲು

ನಮ್ಮ ವಾರ್ಡಿಗೆ ತ್ರೀ ಫೇಸ್ ಲೈನ್ ಪಾಸಾಗಿದೆ ಎಂದು ಗೊತ್ತಾದಾಗ ಬೇಡ ಎಂದವರು ಒಬ್ಬರೂ ಇಲ್ಲ. ನಾನೂ ಹೇಳಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡದ ಎರಡೂ ಬದಿಯ ತೋಟಗಳಿಗೆ ಈಗ ಇರುವುದು ಹಳೆಯ ಸಿಂಗಲ್ ಫೇಸ್. ಫೆಬ್ರವರಿ ದಾಟಿತೆಂದರೆ ಎಲ್ಲರೂ ಒಟ್ಟಿಗೆ ಪಂಪು ಹಾಕುತ್ತಾರೆ. ವೋಲ್ಟೇಜು ಇಳಿದು, ತಿರುಗುವ ಫ್ಯಾನಿನ ರೆಕ್ಕೆ ಎಣಿಸಬಹುದು. ಮೋಟಾರು ಸುಟ್ಟರೆ ವೈಂಡಿಂಗಿಗೆ ಬೇಕಾದ ದುಡ್ಡನ್ನು ಗೊಬ್ಬರದ ದುಡ್ಡಿನ ಹಾಗೆ ಮೊದಲೇ ತೆಗೆದಿಡುವ ಮನೆಗಳು ಇಲ್ಲಿ ಉಂಟು.

ಇಂಥ ಲೈನ್ ಎಳೆಯುವ ಮೊದಲು ಪರಿಸರಕ್ಕೆ ಏನಾಗುತ್ತದೆ ಎಂದು ನೋಡುವುದು ಕಡ್ಡಾಯವಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಣಿ ಇದೆ, ಅಣೆಕಟ್ಟು ಇದೆ, ಥರ್ಮಲ್ ಸ್ಥಾವರ ಇದೆ. ಕರೆಂಟಿನ ಲೈನ್ ಇಲ್ಲ. ಕಾಡಿನ ಜಾಗದಲ್ಲಿ ಹಾದರೆ ಮಾತ್ರ ಅರಣ್ಯ ಕಾನೂನು ಅಡ್ಡ ಬರುತ್ತದೆ. ಉಡುಪಿ–ಕಾಸರಗೋಡು 400 ಕೆವಿ (ಕಿಲೋವೋಲ್ಟ್) ಲೈನಿಗೆ ದಕ್ಷಿಣ ಕನ್ನಡದ ರೈತರು ಎಷ್ಟು ಗಲಾಟೆ ಮಾಡಿದರು, ನೆನಪಿದೆ ಅಲ್ವಾ? ಅಂಥ ಟವರ್ ಲೈನಿಗೆ 46 ಮೀಟರ್ ಅಗಲದ ದಾರಿ ಬೇಕು. ನಮ್ಮ 11 ಕೆವಿ ಲೈನಿಗೆ ಬೇಕಾದ್ದು 7 ಮೀಟರ್. ಅಷ್ಟಕ್ಕೆ ಯಾರು ಬ್ಯಾನರು ಹಿಡಿಯುತ್ತಾರೆ? ಆದರೆ ಟವರ್ ಲೈನ್ ಜಿಲ್ಲೆಗೆ ಒಂದೋ ಎರಡೋ. ಈ ಏಳು ಮೀಟರಿನದು ಎಲ್ಲರ ತೋಟದಲ್ಲೂ ನುಗ್ಗುತ್ತದೆ.

ಹಾಗಾಗಿ ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ, ಲೈನ್ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡೋಣ ಎಂದು ಮಾತಾಯಿತು. 2002ರ ಜೀವವೈವಿಧ್ಯ ಕಾನೂನಿನ ಪ್ರಕಾರ ಪ್ರತಿ ಪಂಚಾಯತಿಗೂ ಇಂಥದ್ದೊಂದು ಸಮಿತಿ ಇರಬೇಕು. ನಾನು ಅದರಲ್ಲಿ ಸದಸ್ಯ. ರಿಟೈರ್ ಆದ ಮಾಷ್ಟ್ರನ್ನು ಎಲ್ಲಾದರೂ ಸೇರಿಸಿಬಿಡುತ್ತಾರೆ.

ಕರೆಂಟಿನ ಸೆಕ್ಷನ್ ಆಫೀಸಿನಿಂದ ಸಬ್ ಇಂಜಿನಿಯರ್ ಮೇಡಂ ಬಂದಿದ್ದರು. ಕಣ್ಣೂರಿನ ಕಡೆಯವರು, ಚಿಕ್ಕ ಪ್ರಾಯ. ಜೊತೆಗೆ ಒಬ್ಬ ಲೈನ್‌ಮ್ಯಾನ್ ಅಣ್ಣ. ಬಾಟನಿ ಓದುವ ನಮ್ಮ ಊರಿನದೇ ಹುಡುಗ ಅಳತೆ ಟೇಪು ಹಿಡಿದು ಬಂದಿದ್ದ. ಮೇಡಂ ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ, ಮನೆಯವರು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದ್ದನ್ನು ಮಲಯಾಳಕ್ಕೆ ದಾಟಿಸುವುದು. ನನಗೆ ಇದರಲ್ಲಿ ಒಂದು ಲಾಭ ಉಂಟು. ಎರಡೂ ಕಡೆಯ ಮಾತು ಪೂರ್ತಿ ಕಿವಿಗೆ ಬೀಳುತ್ತದೆ.

ಹಳೆಯ ತಂತಿ ‘ವೀಸೆಲ್’, ಈಗ ಹಾಕುವುದು ‘ರ‍್ಯಾಬಿಟ್’ ಎಂದು ಮೇಡಂ ವಿವರಿಸಿದರು. ಅಲ್ಯೂಮಿನಿಯಂ ತಂತಿಗಳಿಗೆಲ್ಲ ಪ್ರಾಣಿಗಳದೇ ಹೆಸರು. ಮೊದಲಿನದರಲ್ಲಿ ಅಲ್ಯೂಮಿನಿಯಂ 30 ಚದರ ಮಿಲಿಮೀಟರ್, ಎರಡನೆಯದರಲ್ಲಿ 50. ಅದೇ ಕರೆಂಟು ಹರಿದರೆ ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಐದರಲ್ಲಿ ಎರಡು ಪಾಲು ಕಡಿಮೆ. ಜೊತೆಗೆ 11 ಕೆವಿ ಲೈನ್ ತೋಟದ ಹತ್ತಿರವೇ ಬಂದು, ಅಲ್ಲೊಂದು ಟ್ರಾನ್ಸ್‌ಫಾರ್ಮರ್ ಕೂತರೆ ಇನ್ನೂ ಕಡಿಮೆ. ವೋಲ್ಟೇಜು ಹೆಚ್ಚಾದಷ್ಟು ಅದೇ ಕೆಲಸಕ್ಕೆ ಹರಿಯುವ ಕರೆಂಟು ಕಡಿಮೆ. ಕರೆಂಟು ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಪರಿಸರಕ್ಕೆ ಒಳ್ಳೆಯದೇ. ವೋಲ್ಟೇಜು ಇಲ್ಲವೆಂದು ಡೀಸೆಲ್ ಪಂಪು ಇಟ್ಟುಕೊಂಡವರು ಅದನ್ನು ಗುಜರಿಗೆ ಹಾಕಬಹುದು. ಈ ಲೆಕ್ಕವನ್ನು ಬಿಟ್ಟು ಬರೀ ಮರ ಹೋಯಿತು ಎಂದು ಅಳುವುದರಲ್ಲಿ ನನಗೆ ನಂಬಿಕೆಯಿಲ್ಲ.

ಮರದ ಲೆಕ್ಕ ಬೇಗ ಮುಗಿಯಿತು. ಮೇಡಂ ಕೈಯಲ್ಲಿದ್ದ ಫಾರ್ಮಿನಲ್ಲಿ ಮರದ ಹೆಸರು, ಎದೆಯೆತ್ತರದ ಸುತ್ತಳತೆ, ಯಾರ ಜಾಗ, ಕಡಿಯಬೇಕೋ ಗೆಲ್ಲು ಮಾತ್ರವೋ ಎಂದು ಕಾಲಂಗಳು. ಹುಡುಗ ಅಳೆದ, ನಾನು ಹೆಸರು ಹೇಳಿದೆ. ದೂಪ, ಹಾಲೆ, ಪುನರ್ಪುಳಿ, ಕಾಸರಕ. ಒಂದು ಕಡೆ ಕಂಬ ನಾಲ್ಕು ಹೆಜ್ಜೆ ಆಚೆ ಹಾಕಿದರೆ ಒಬ್ಬ ಅಕ್ಕನ ಹಲಸಿನ ಮರ ಉಳಿಯುತ್ತಿತ್ತು. ಮೇಡಂ ಗೆರೆ ತಿದ್ದಿದರು. ಅಕ್ಕ ಎಲ್ಲರಿಗೂ ಮಜ್ಜಿಗೆ ಕೊಟ್ಟರು.

ಫಾರ್ಮಿನಲ್ಲಿ ಇಲ್ಲದ್ದನ್ನು ಹೇಳಿದ್ದು ಲೈನ್‌ಮ್ಯಾನ್ ಅಣ್ಣ. “ಮಾಷ್ಟ್ರೇ, ಕಂಬ ಹಾಕುವಾಗ ಹೋಗುವ ಮರ ಎಂತದೂ ಅಲ್ಲ. ಆಮೇಲೆ ವರ್ಷವೂ ಟಚ್ಚಿಂಗ್ ಉಂಟಲ್ಲ, ಅದರದ್ದು ಯಾರು ಬರೀತಾರೆ?” ಟಚ್ಚಿಂಗ್ ಎಂದರೆ ತಂತಿಗೆ ತಾಗುವ ಗೆಲ್ಲು ಕಡಿಯುವುದು. ಮಳೆಗಾಲಕ್ಕೆ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಜನ ಬಂದು ಕಡಿದು ಹೋಗುತ್ತಾರೆ. ಅವಸರದ ಕೆಲಸ. ಒಂದೇ ಬದಿ ಕಡಿಸಿಕೊಂಡ ಮರ ಇನ್ನೊಂದು ಬದಿಗೆ ವಾಲುತ್ತದೆ. ಮೂರು ನಾಲ್ಕು ವರ್ಷದಲ್ಲಿ ಗಾಳಿಗೆ ಬೀಳುತ್ತದೆ. ಆಗ ಅದು ಗಾಳಿ ಬೀಳಿಸಿದ ಮರ. ಲೈನಿನ ಲೆಕ್ಕಕ್ಕೆ ಬರುವುದೇ ಇಲ್ಲ.

ನಾಗಬನದ ಹತ್ತಿರ ಎಲ್ಲರೂ ಜಾಸ್ತಿ ಹೊತ್ತು ನಿಂತೆವು. ನಕ್ಷೆಯಲ್ಲಿ ಗೆರೆ ಬನದ ಅಂಚಿನಲ್ಲೇ ಹಾದಿತ್ತು. ನೇರ ಹೋದರೆ ಕಂಬ ಕಡಿಮೆ ಸಾಕು, ಖರ್ಚೂ ಕಡಿಮೆ. ಬನದ ಮರಗಳ ತಲೆ ಎದುರು ಗುಡ್ಡದ ಮರಗಳಿಗೆ ಕೂಡಿಕೊಂಡಿದೆ. ರಸ್ತೆಯ ಮೇಲೆ ಹಸಿರು ಚಪ್ಪರ. ಕೆಂಜಳಿಲು, ಮರಬೆಕ್ಕು ನೆಲ ಮುಟ್ಟದೆ ಈಚೆಯಿಂದ ಆಚೆ ಹೋಗುವುದು ಅಲ್ಲೇ. ಏಳು ಮೀಟರ್ ಬಿಡಿಸಿದರೆ ಆ ದಾರಿ ತುಂಡು. ಆಮೇಲೆ ಅವು ದಾಟುವುದು ತಂತಿಯ ಮೇಲೆ, ಇಲ್ಲದಿದ್ದರೆ ರಸ್ತೆಯಲ್ಲಿ. ಬನದ ದೊಡ್ಡ ಮರದಲ್ಲಿ ಬಾವಲಿಗಳೂ ನೇತಾಡುತ್ತಿದ್ದವು. ಒಂದೇ ತಂತಿಯಲ್ಲಿ ಕೂತ ಕಾಗೆಗೆ ಏನೂ ಆಗುವುದಿಲ್ಲ. ಬಾವಲಿಯ ರೆಕ್ಕೆಯ ಹರವು ನಾಲ್ಕು ಅಡಿಗೂ ಹೆಚ್ಚು. ಎರಡು ತಂತಿಗೆ ಒಟ್ಟಿಗೆ ತಾಗಿಸಿಕೊಂಡು ಸುಟ್ಟು, ಅಲ್ಲೇ ಒಣಗಿ ನೇತಾಡುವುದನ್ನು ನೋಡದವರು ನಮ್ಮ ಕಡೆ ಯಾರಿದ್ದಾರೆ?

ಹುಡುಗ ಇದನ್ನೆಲ್ಲ ಚೆನ್ನಾಗಿ ಹೇಳಿದ. ಮೇಡಂ ತಲೆ ಆಡಿಸಿದರು, ಬರೆದುಕೊಳ್ಳಲಿಲ್ಲ. ಆಗ ನಾನು ಬೇರೆ ಮಾತು ತೆಗೆದೆ. ಬನದ ಮರಕ್ಕೆ ಕತ್ತಿ ತಾಗಿಸುವವರು ಈ ಊರಲ್ಲಿ ಸಿಗುವುದಿಲ್ಲ. ನಾಳೆ ನೀವು ಕೂಲಿ ಜಾಸ್ತಿ ಕೊಟ್ಟರೂ ಸಿಗುವುದಿಲ್ಲ. ಟಚ್ಚಿಂಗ್ ಆಗದಿದ್ದರೆ ಜೂನಿನಲ್ಲಿ ಪ್ರತಿ ಗಾಳಿಗೂ ಫೀಡರ್ ಟ್ರಿಪ್ ಆಗಿ ಇಡೀ ಲೈನಿನ ಕರೆಂಟು ಹೋಗುತ್ತದೆ, ಮಧ್ಯರಾತ್ರಿ ಫೋನು ಬರುವುದು ನಿಮಗೇ. ಲೈನ್‌ಮ್ಯಾನ್ ಅಣ್ಣ “ಅದು ಸತ್ಯ” ಎಂದು ಜೋರಾಗಿಯೇ ಹೇಳಿದರು. ಮೇಡಂ ಪೆನ್ನು ತೆಗೆದರು. ಬನದ ಉದ್ದಕ್ಕೆ ಬರಿ ತಂತಿಯ ಬದಲು ಎಬಿ ಕೇಬಲ್, ಅಂದರೆ ರಬ್ಬರಿನಂಥ ಹೊದಿಕೆ ಹಾಕಿ ಒಟ್ಟಿಗೆ ಹೊಸೆದ ಕೇಬಲ್ ಎಂದು ಬರೆದರು. ಅದಕ್ಕೆ ಖರ್ಚು ಜಾಸ್ತಿ. ಆದರೆ ಗೆಲ್ಲು ತಾಗಿದರೂ ಟ್ರಿಪ್ ಆಗುವುದಿಲ್ಲ, ಅಷ್ಟು ಅಗಲ ಬಿಡಿಸಬೇಕಾಗಿಯೂ ಇಲ್ಲ. ಬಾವಲಿಗಾಗಿ ಬಾರದ ಕೇಬಲ್ ನಾಗನ ಹೆದರಿಕೆಗೆ ಬಂತು. ನನಗೆ ಅದರಲ್ಲಿ ಬೇಸರವೇನೂ ಇಲ್ಲ, ಬಂದರೆ ಸಾಕು.

ತೋಟದ ನಡುವೆ ಲೈನ್ ಹೋಗುವ ಕಡೆ ಇನ್ನೊಂದು ಚರ್ಚೆ. ಈಚೆಗೆ ಅಡಕೆ ಕೊಯ್ಯುವುದೂ ಮದ್ದು ಬಿಡುವುದೂ ಕಾರ್ಬನ್ ಫೈಬರ್ ದೋಟಿಯಲ್ಲಿ. ಹಗುರ, ಉದ್ದ, ಮರ ಹತ್ತುವವರು ಸಿಗದ ಕಾಲಕ್ಕೆ ಅದೇ ಗತಿ. ಫೈಬರ್ ಅಂದ ಮೇಲೆ ಕರೆಂಟು ಹೊಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಚೆನ್ನಾಗಿಯೇ ಹರಿಯುತ್ತದೆ. ರಸ್ತೆ ದಾಟುವಲ್ಲಿ 11 ಕೆವಿ ತಂತಿ ನೆಲದಿಂದ 6.1 ಮೀಟರ್ ಎತ್ತರ ಇರಬೇಕೆಂಬುದು ನಿಯಮ, ತೋಟದಂಥ ಜಾಗದಲ್ಲಿ 4.6 ಸಾಕು. ದೋಟಿಯ ತುದಿ ಅದಕ್ಕಿಂತ ಎಷ್ಟೋ ಮೇಲೆ ಓಡಾಡುತ್ತದೆ. ಲೈನನ್ನು ತೋಟದ ಬದುವಿಗೆ ಸರಿಸಿ ಎಂದು ಮೂರು ಮನೆಯವರು ಕೇಳಿದರು. ಎರಡು ಕಡೆ ಆಯಿತು. ಒಂದು ಕಡೆ ಪಕ್ಕದ ಜಾಗದವರು ಒಪ್ಪಲಿಲ್ಲ.

ಟ್ರಾನ್ಸ್‌ಫಾರ್ಮರ್ ಕೂರಿಸುವ ಜಾಗ ತೋಡಿನಿಂದ ಸ್ವಲ್ಪ ಮೇಲೆ. ನೂರು ಕೆವಿಎ ಟ್ರಾನ್ಸ್‌ಫಾರ್ಮರಿನ ಹೊಟ್ಟೆಯಲ್ಲಿ ನೂರು ಲೀಟರಿಗೂ ಹೆಚ್ಚು ಎಣ್ಣೆ ಇರುತ್ತದೆ. ಸೋರಿದರೆ ಸೀದಾ ತೋಡಿಗೆ. ಬುಡದಲ್ಲಿ ಕಟ್ಟೆ ಕಟ್ಟಿ ಎಂದೆವು. ತೆಗೆಯುವ ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿದೆ. ಹಳೆಯ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ಇರಬಹುದೆಂದೇ 2016ರ ಕೇಂದ್ರದ ಆದೇಶ ಅದರ ಬಳಕೆ ಪೂರ್ತಿ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಕೊಟ್ಟದ್ದು. “ಅದು ಸ್ಟೋರಿಗೆ ಹೋಗುತ್ತದೆ ಮಾಷೇ” ಎಂದರು ಮೇಡಂ. ಅಲ್ಲಿಂದ ಮುಂದೆ ಅವರ ಕೈಯಲ್ಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಮ್ಮ ಬೇಲಿಯ ಹತ್ತಿರ ಬಂದು, “ಅದರ ಬುಡದ ಹುಲ್ಲಿಗೆ ಮದ್ದು ಹೊಡೀತೀರಾ?” ಎಂದು ಕೇಳಿದರು. ಮೇಡಂಗೆ ಪ್ರಶ್ನೆ ತಲೆಗೆ ಹೋಗಲಿಲ್ಲ. ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎಣ್ಮಕಜೆಯಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದವರೆಗೆ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹಾಕಿದ್ದು 2011ರಲ್ಲಿ. ಸರಕಾರದ ಕೆಲಸದವರು ಕೈಯಲ್ಲಿ ಕ್ಯಾನು ಹಿಡಿದು ಬಂದರೆ ಇಲ್ಲಿಯ ಹೆಂಗಸರು ಮೊದಲು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಹುಲ್ಲನ್ನು ಕತ್ತಿಯಲ್ಲೇ ಕೆರೆಯಬೇಕು, ಕಳೆನಾಶಕ ಕೂಡದು ಎಂದು ಬರೆಸಿದೆವು. ಇದಕ್ಕೆ ಖರ್ಚಿಲ್ಲ, ಮೇಡಂ ಕೂಡಲೇ ಒಪ್ಪಿದರು.

ಕೊನೆಯ ಕಂಬದ ಗುರುತು ಬಿದ್ದದ್ದು ಒಬ್ಬರು ಹಿರಿಯ ಕೃಷಿಕರ ಜಾಗದಲ್ಲಿ. ಅವರ ತೋಟಕ್ಕೆ ನೀರು ಸುರಂಗದಿಂದ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಕೊರೆದದ್ದು. ಅವರ ಅಜ್ಜನ ಕಾಲದ್ದು. ಒಳಗೆ ಗೋಡೆಯಿಂದ ಜಿನುಗುವ ನೀರು ನೆಲದಲ್ಲಿ ಸಣ್ಣಗೆ ಹರಿದು, ಬಾಯಿಯ ಹತ್ತಿರ ದಂಬೆಗೆ, ಅಂದರೆ ಅಡಕೆ ಮರ ಸೀಳಿ ಮಾಡಿದ ನೀರಿನ ದೋಣಿಗೆ ಬಿದ್ದು, ಅಲ್ಲಿಂದ ಟಾಂಕಿಗೆ. ಮೋಟಾರಿಲ್ಲ, ತಂತಿಯಿಲ್ಲ. ಹುಡುಗ ಫೋನಿನ ಲೈಟು ಹಾಕಿ ಒಳಗೆ ಹೋಗಿ ಬಂದ. ಅಂಗಿಯ ಭುಜವೆಲ್ಲ ಕೆಂಪು. ಮೇಡಂ ಇಂಥದ್ದನ್ನು ಮೊದಲು ನೋಡಿರಲಿಲ್ಲ. ದಂಬೆಗೆ ಕೈ ಒಡ್ಡಿ ನೀರು ಕುಡಿದರು.

“ಲೈನ್ ಬೇಡ ಹೇಳುದಿಲ್ಲ ಮಾಷ್ಟ್ರೇ” ಎಂದರು ಆ ಹಿರಿಯರು. “ಮಗನಿಗೂ ಬೇಕು. ಆದ್ರೆ ಮೇಲಿನವರು ಬೋರು ತೆಗೆದು ಹತ್ತು ಎಚ್‌ಪಿ ಇಳಿಸಿದ್ರೆ ಇದು ಎಷ್ಟು ದಿನ?”

ನನ್ನ ಮಟ್ಟಿಗೆ ಅಂದಿನ ಮುಖ್ಯ ಪ್ರಶ್ನೆ ಅದೇ. ಸಿಂಗಲ್ ಫೇಸಿನಲ್ಲಿ ದೊಡ್ಡ ಪಂಪು ಓಡುವುದಿಲ್ಲ. ಹಳೆಯ ದರಿದ್ರ ವೋಲ್ಟೇಜು ಗುಡ್ಡದ ನೀರನ್ನು ಇಷ್ಟು ವರ್ಷ ಕಾಯುತ್ತಿತ್ತು ಎಂದು ಹೇಳಿದರೆ ನಗಬೇಡಿ, ಅರ್ಧ ಸತ್ಯವಾದರೂ ಇದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು. ಆದರೂ ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ ‘ಕ್ರಿಟಿಕಲ್’, ಅಂದರೆ ನೆಲದ ನೀರು ಎತ್ತುವುದು ಮಿತಿಯ ಹತ್ತಿರ ಬಂದದ್ದು. ಲೈನಿನಿಂದ ಆಗುವ ದೊಡ್ಡ ಬದಲಾವಣೆ ತಂತಿಯ ಕೆಳಗೆ ಕಾಣುವುದಿಲ್ಲ. ತಂತಿ ಮುಗಿದು ಪಂಪು ಶುರುವಾಗುವಲ್ಲಿ ಕಾಣುತ್ತದೆ. ಏಳು ಮೀಟರಿನ ಫಾರ್ಮು ಅಲ್ಲಿಯವರೆಗೆ ತಲುಪುವುದೇ ಇಲ್ಲ.

“ಇದು ನಮ್ಮ ಇಲಾಖೆಯದ್ದಲ್ಲ ಮಾಷೇ. ಅರ್ಜಿ ಕೊಟ್ಟವರಿಗೆ ಕನೆಕ್ಷನ್ ಕೊಡಬೇಕು” ಎಂದರು ಮೇಡಂ. ಸರಿಯಾದ ಮಾತೇ. ಅಂತರ್ಜಲದವರನ್ನು ಕೇಳಿದರೆ ಲೈನ್ ಅವರದ್ದಲ್ಲ ಎನ್ನುತ್ತಾರೆ, ಅದೂ ಸರಿಯೇ. ನಾನು ಫಾರ್ಮಿನ ಹಿಂಬದಿಯ ಖಾಲಿ ಪುಟದಲ್ಲಿ ಬರೆದೆ: ಲೈನಿನ ಎರಡೂ ಬದಿಯ ಸುರಂಗ, ಮದಕ (ಮಳೆನೀರು ನಿಲ್ಲುವ ಕೆರೆ), ಬಾವಿ, ಬೋರುಗಳ ಪಟ್ಟಿ ಮಾಡಬೇಕು, ಹೊಸ ಬೋರಿಗೆ ಸುರಂಗದಿಂದ ಎಷ್ಟು ದೂರ ಎಂದು ಪಂಚಾಯತು ನೋಡಬೇಕು. ಮೇಡಂ ಕೆಳಗೆ ಸಹಿ ಹಾಕಿದರು. ಹಾಕದೆಯೂ ಇರಬಹುದಿತ್ತು.

ಬೋರಿನಿಂದಲೇ ಸುರಂಗ ಬತ್ತಿತು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಮಳೆ ತಪ್ಪಿದ್ದು, ಗುಡ್ಡ ಸಮತಟ್ಟು ಮಾಡಿ ರಬ್ಬರು ಇಟ್ಟದ್ದು, ಅದೂ ಕಾರಣ ಇರಬಹುದು. ಅಳತೆ ಇಲ್ಲದೆ ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಆ ಹಿರಿಯರಿಗೆ ಹುಡುಗ ಒಂದು ನೋಟ್‌ಬುಕ್ ಕೊಟ್ಟಿದ್ದಾನೆ. ತಿಂಗಳಿಗೊಮ್ಮೆ ದಂಬೆಯ ಕೆಳಗೆ ಕೊಡಪಾನ ಇಟ್ಟು, ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ತಾರೀಕಿನ ಜೊತೆ ಬರೆಯುವುದು. ಪಕ್ಕದ ಎರಡು ಸುರಂಗದವರೂ ಶುರು ಮಾಡಿದ್ದಾರೆ. ಕಂಬಗಳು ಬಂದು ರಸ್ತೆ ಬದಿಯಲ್ಲಿ ಬಿದ್ದಿವೆ. ಲೈನ್ ಚಾರ್ಜ್ ಆಗುವುದಕ್ಕೆ ಮೊದಲು ಒಂದು ಬೇಸಗೆಯ ಅಂಕಿ ಕೈಗೆ ಸಿಗಬೇಕು. ಇಲ್ಲದಿದ್ದರೆ ಆಮೇಲೆ ಯಾವುದಕ್ಕೆ ಹೋಲಿಸಿ ನೋಡುವುದು?