ಹೈಡ್ ಪಾರ್ಕಿನಿಂದ ಬ್ರೈಟನ್‌ವರೆಗೆ, ಒಂದು ಹಳೇ ಕಾರಿನ ಬೆನ್ನು ಹಿಡಿದು

ನವೆಂಬರ್‌ನ ಮೊದಲ ಭಾನುವಾರ. ಇನ್ನೂ ಬೆಳಕು ಹರಿದಿರಲಿಲ್ಲ. ಲಂಡನ್‌ನ ಹೈಡ್ ಪಾರ್ಕಿಗೆ ಕಾಲಿಟ್ಟಾಗ ಮೊದಲು ಮೂಗಿಗೆ ಬಡಿದದ್ದು ಪೆಟ್ರೋಲು, ಬಿಸಿ ಎಣ್ಣೆ, ಒದ್ದೆ ಹುಲ್ಲಿನ ವಾಸನೆ. ಆಮೇಲೆ ಕತ್ತಲಲ್ಲೇ ಟಕ್, ಟಕ್, ಟಕ್ ಅಂತ ಸದ್ದು.

ಹಳೇ ಕಾರುಗಳು ಪ್ರತಿ ವರ್ಷ ಇಲ್ಲಿಂದ ಕಡಲತೀರದ ಊರಾದ ಬ್ರೈಟನ್‌ಗೆ ಹೋಗುವ ಈ ಓಟಕ್ಕೆ 1905ಕ್ಕಿಂತ ಮುಂಚಿನ ಕಾರುಗಳೇ ಬೇಕು. ದಾರಿ ಸುಮಾರು 60 ಮೈಲಿ. ಇದು ರೇಸ್ ಅಲ್ಲ. ಸಂಜೆ ನಾಲ್ಕೂವರೆಯೊಳಗೆ ಮುಟ್ಟಿದವರಿಗೆಲ್ಲ ಪದಕ.

ಕಾರು ನೋಡೋಕೆ ಹೋದವನು ನಾನು, ಓಡಿಸುವವರನ್ನೇ ನೋಡುತ್ತಾ ನಿಂತುಬಿಟ್ಟೆ. ಎಂಬತ್ತು ದಾಟಿದ ಅಜ್ಜ ಒಬ್ಬರು 1903ರ ಡಿ ಡಿಯಾನ್ ಬುತೋನ್ ಕಾರಿನ ಎಂಜಿನ್ ಶುರು ಮಾಡುವ ಹ್ಯಾಂಡಲ್ ಹಿಡಿದಿದ್ದರು. ಹೆಬ್ಬೆರಳನ್ನು ಹಿಡಿಗೆ ಸುತ್ತಿರಲಿಲ್ಲ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟಿದ್ದರು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳೇ ಮುರಿಯುತ್ತೆ. ಮೂರನೇ ಸಲ ತಿರುಗಿಸಿದಾಗ ಎಂಜಿನ್ ಹಿಡಿಯಿತು. ಪಕ್ಕದ ಸೀಟಿನಲ್ಲಿದ್ದ ಅಜ್ಜಿ ಕಂಬಳಿ ಎಳೆದುಕೊಂಡು ಸರಿಯಾಗಿ ಕೂತರು. ಮುಂದೆ ಗಾಜಿಲ್ಲ, ಮೇಲೆ ಚಾವಣಿಯಿಲ್ಲ.

ಹೊರಡುವ ಮುನ್ನ ಕೆಂಪು ಬಾವುಟ ಹರಿಯುತ್ತಾರೆ. ಒಂದು ಕಾಲದಲ್ಲಿ ಇಂಥ ಬಂಡಿಗಳ ಮುಂದೆ ಬಾವುಟ ಹಿಡಿದು ಒಬ್ಬ ನಡೆಯಬೇಕಿತ್ತು. 1896ರ ನವೆಂಬರ್ 14ಕ್ಕೆ ಹೊಸ ಕಾನೂನು ಬಂತು. ಮುಂದೆ ನಡೆಯುವ ಆಳು ಬೇಡವಾಯಿತು, ವೇಗದ ಮಿತಿ ಗಂಟೆಗೆ 14 ಮೈಲಿಗೆ ಏರಿತು. ಆ ಖುಷಿಗೆ ಕಾರಿನವರು ಅವತ್ತೇ ಲಂಡನ್‌ನಿಂದ ಬ್ರೈಟನ್‌ಗೆ ಹೊರಟರು. ಅದರ ನೆನಪಿಗೇ ಈ ಓಟ.

ನಾನು ರೈಲು ಹಿಡಿದು ಕ್ರಾಲಿಗೆ ಹೋದೆ. ಅರ್ಧ ದಾರಿಯಲ್ಲಿ ಕಾರುಗಳು ನಿಲ್ಲುವ ಊರು ಅದು. ಅಜ್ಜನ ಕಾರು ಬಂದಾಗ ಓಡಿಹೋಗಿ ಮಾತಾಡಿಸಿದೆ. ಅವರು ಪೆಡಲ್ ತೋರಿಸಿದರು. "ಇದನ್ನ ಒತ್ತಿದರೆ ವೇಗ ಹೆಚ್ಚಲ್ಲ, ಇಳಿಯುತ್ತೆ. ಬೇರೆ ಕಾರು ಓಡಿಸಿದ ಕಾಲಿಗೆ ಇದು ಬೇಗ ಮರೆತುಹೋಗುತ್ತೆ. ಅದಕ್ಕೇ ವಾರಕ್ಕೊಂದು ಸಲನಾದ್ರೂ ಹೊರಗೆ ತೆಗೀತೀನಿ."

ಎಂಜಿನ್‌ಗೆ ಎಣ್ಣೆ ತಾನಾಗಿ ಹೋಗುವುದಿಲ್ಲ, ಕೆಲವು ಮೈಲಿಗೊಮ್ಮೆ ಕೈಪಂಪ್ ಒತ್ತಬೇಕು. ಆ ಕೆಲಸ ಅಜ್ಜಿಯದು. "ಸದ್ದು ಒಣಗಿದ ಹಾಗೆ ಕೇಳಿಸಿದ್ರೆ ಒತ್ತೋದು" ಅಂದರು. ಸದ್ದು ಒಣಗೋದು ಅಂದ್ರೆ ಏನು ಅಂತ ನಾನು ಕಿವಿಗೊಟ್ಟು ಕೇಳಿದೆ. ನನಗೆ ಗೊತ್ತಾಗಲಿಲ್ಲ. ಇದನ್ನು ಎಷ್ಟು ವರ್ಷ ಪಕ್ಕದಲ್ಲಿ ಕೂತು ಕಲಿತಿರಬೇಕು, ಅಲ್ವಾ? ಇಂಥ ಕಾರನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದರೆ ಹಿತ್ತಾಳೆಯ ಹೊಳಪೇನೋ ಉಳಿಯುತ್ತೆ. ಆದರೆ ಅಜ್ಜಿಯ ಆ ಕಿವಿಗೆ ಕೆಲಸ ಎಲ್ಲಿ?

ಬ್ರೈಟನ್‌ನ ಮಡೀರಾ ಡ್ರೈವ್ ಸಮುದ್ರದ ಅಂಚಿನಲ್ಲೇ ಇದೆ. ಮೂರು ಗಂಟೆಯಿಂದ ಚಳಿಗಾಳಿಯಲ್ಲಿ ಕಾದೆ. ಕಾರುಗಳು ಬರುತ್ತಲೇ ಇದ್ದವು, ಇವರದು ಮಾತ್ರ ಕಾಣಲಿಲ್ಲ. ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಕಸಿವಿಸಿ. ನಾಲ್ಕೂಕಾಲಿಗೆ ಆ ಟಕ್ ಟಕ್ ಕೇಳಿಸಿತು. ದಾರಿಯಲ್ಲಿ ಪ್ಲಗ್ ಕೆಟ್ಟು ನಿಂತಿತ್ತಂತೆ, ಅವರೇ ಬದಲಾಯಿಸಿಕೊಂಡರಂತೆ.

ಅಜ್ಜಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಅಜ್ಜನ ಕೈ ನಡುಗಿ ಅರ್ಧ ಚೆಲ್ಲಿತು. ಚಳಿನಾ ಅಂತ ಕೇಳಿದೆ. "ಇಲ್ಲಪ್ಪ, ಎಂಜಿನ್ ಇನ್ನೂ ಕೈಯಲ್ಲೇ ಓಡ್ತಾ ಇದೆ" ಅಂದರು. ಲೋಟ ಕೆಳಗಿಟ್ಟು, ಮಂಡಿಯೂರಿ, ತೊಟ್ಟಿಕ್ಕುವ ಎಣ್ಣೆಗೆ ತಟ್ಟೆ ಸರಿಸಿದರು.