ಹಳೆ ಝೆನ್‌ಗೆ ವ್ಯಾಕ್ಯೂಮ್ ಪೈಪ್ ಎಲ್ಲಿ ಸಿಗುತ್ತೆ?

ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ ನಿಂತಿದ್ದೀರಿ, ಕಾಲು ಆಕ್ಸಿಲರೇಟರ್ ಮೇಲಿಲ್ಲ, ಆದರೂ ಎಂಜಿನ್ ತಾನೇ ರೇಸ್ ಆಗ್ತಾ ಇದೆ. ಅಥವಾ ಐಡಲಿಂಗ್ ಒಂದು ಸಲ ಏರುತ್ತೆ, ಒಂದು ಸಲ ಇಳಿಯುತ್ತೆ. ಹಳೆ ಪೆಟ್ರೋಲ್ ಕಾರು ಹೀಗೆ ಆಡಿದರೆ ತಕ್ಷಣ ಸೆನ್ಸರ್ ಬದಲಾಯಿಸಲು ಹೋಗಬೇಡಿ. ಬಾನೆಟ್ ಎತ್ತಿ ರಬ್ಬರ್ ಪೈಪುಗಳನ್ನು ನೋಡಿ. ನಮ್ಮ ಮನೆಯ ಮಾರುತಿ ಝೆನ್ 2004ರದ್ದು, ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಕೊಡುವ ಎಂಜಿನ್. ಅದಕ್ಕೆ ಇದೇ ಕಾಯಿಲೆ ಬಂತು. ಒಂದು ಗ್ಯಾರೇಜಿನಲ್ಲಿ ಐಡಲ್ ಕಂಟ್ರೋಲ್ ವಾಲ್ವ್ (ಐಡಲಿಂಗ್‌ನಲ್ಲಿ ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ನೋಡಿಕೊಳ್ಳುವ ವಾಲ್ವ್) ಹೋಗಿದೆ, ಹೊಸದು ಹಾಕಬೇಕು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ, ಯಾಕಂದ್ರೆ ಬಾನೆಟ್ ಕೆಳಗೆ ಸಣ್ಣಗೆ ಸುಯ್ ಅಂತ ಸದ್ದು ಕೇಳಿಸ್ತಾ ಇತ್ತು.

ಆಗುವುದು ಇಷ್ಟೇ. ಐಡಲಿಂಗ್‌ನಲ್ಲಿ ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ, ಪಿಸ್ಟನ್‌ಗಳು ಮಾತ್ರ ಗಾಳಿ ಎಳೆಯುತ್ತಲೇ ಇರುತ್ತವೆ, ಹಾಗಾಗಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಒತ್ತಡ ಹೊರಗಿಗಿಂತ ತುಂಬಾ ಕಡಿಮೆ ಇರುತ್ತದೆ. ಈ ಎಳೆತವೇ ವ್ಯಾಕ್ಯೂಮ್, ಇದಕ್ಕೆ ಸೇರಿದ ರಬ್ಬರ್ ಪೈಪುಗಳೇ ವ್ಯಾಕ್ಯೂಮ್ ಪೈಪ್. ಎಲ್ಲಾದರೂ ಸೀಳು ಬಿಟ್ಟರೆ ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಇದಕ್ಕೆ ‘ಏರ್ ಎಳೀತಾ ಇದೆ’ ಅಂತಾರೆ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್ ಇರುವ ಗಾಡಿಯಲ್ಲಿ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಜಾಸ್ತಿ ಕೊಟ್ಟುಬಿಡುತ್ತದೆ, ಆರ್‌ಪಿಎಂ ಏರುತ್ತದೆ. ಗಾಳಿಯ ಹರಿವನ್ನೇ ಅಳೆಯುವ ಸೆನ್ಸರ್ ಇದ್ದರೆ ಸೀಳಿನಿಂದ ಬಂದ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ, ಪೆಟ್ರೋಲ್ ಸಾಲದೆ ಎಂಜಿನ್ ನಡುಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0171 (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಅಂತ ಕೋಡ್ ಬರುವುದು ಸಾಮಾನ್ಯವಾಗಿ ಆಗಲೇ.

ಲೀಕ್ ಎಲ್ಲಿದೆ ಅಂತ ಹುಡುಕಲು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿ ಹತ್ತುವ ವಸ್ತು, ಮನೆ ಮುಂದೆ ಆ ಕೆಲಸ ಬೇಡ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲ್ ಇದೆಯಲ್ಲ, ಅದು ಸಾಕು. ಫ್ಯಾನ್, ಬೆಲ್ಟ್‌ನಿಂದ ಕೈ ದೂರ ಇಟ್ಟು, ಪ್ಲಗ್ ವೈರ್‌ಗಳ ಕಡೆ ಹೋಗದೆ, ಪೈಪಿನ ತುದಿಗಳಿಗೆ ಸ್ವಲ್ಪ ಸ್ವಲ್ಪ ನೀರು ಹೊಡೆಯಿರಿ. ಲೀಕ್ ಇರುವ ಕಡೆ ನೀರು ಬಿದ್ದ ಕೂಡಲೇ ಎಂಜಿನ್ ಸದ್ದು ಒಂದು ಕ್ಷಣ ಬದಲಾಗುತ್ತದೆ. ನನಗೆ ಸಿಕ್ಕಿದ್ದು ಪಿಸಿವಿ ಪೈಪ್. ಎಂಜಿನ್ ಒಳಗಿನ ಎಣ್ಣೆ ಹಬೆಯನ್ನು ವಾಪಸ್ ಮ್ಯಾನಿಫೋಲ್ಡ್‌ಗೆ ಕಳಿಸುವ ಪೈಪ್ ಅದು. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಬಿಚ್ಚಿ ಬೆರಳಲ್ಲಿ ಸ್ವಲ್ಪ ಬಗ್ಗಿಸಿದಾಗ ಕೆಳಭಾಗದ ತಿರುವಿನಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಒಳಗೆಲ್ಲ ಕಪ್ಪು ಅಂಟು, ರಬ್ಬರ್ ಉಬ್ಬಿ ಮೆತ್ತಗಾಗಿತ್ತು, ತುದಿ ಮಾತ್ರ ಬಿಸಿಗೆ ಒಣಗಿ ಪಟಪಟನೆ ಮುರಿಯುತ್ತಿತ್ತು.

ವ್ಯಾಕ್ಯೂಮ್ ಗೇಜ್ (ಮ್ಯಾನಿಫೋಲ್ಡ್ ಎಳೆತ ಅಳೆಯುವ ಮೀಟರ್) ಇದ್ದವರಿಗೆ ಒಂದು ಮಾತು. ರಿಪೇರಿ ಪುಸ್ತಕಗಳಲ್ಲಿ ಐಡಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸ ಬರಬೇಕು ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಡಿಮೆ ತೋರಿಸುತ್ತದೆ, ಬೆಂಗಳೂರು ಇರುವುದು ಸುಮಾರು 3000 ಅಡಿ ಮೇಲೆ. ಹಾಗಾಗಿ ಇಲ್ಲಿ 15 ತೋರಿಸಿ ಮುಳ್ಳು ಅಲುಗಾಡದೆ ನಿಂತರೆ ಹೆದರಬೇಕಿಲ್ಲ, ಮಂಗಳೂರಿನಲ್ಲಿ ಅದೇ 15 ಬಂದರೆ ಹುಡುಕಲು ಶುರು ಮಾಡಿ.

ಈಗ ಪಾರ್ಟ್ಸ್ ವಿಚಾರ. ಝೆನ್ ತಯಾರಿ ನಿಂತಿದ್ದು 2006ರಲ್ಲಿ. ಸರ್ವಿಸ್ ಸೆಂಟರ್ ಕೌಂಟರ್‌ನಲ್ಲಿ ಕೇಳಿದರೆ ಸ್ಟಾಕ್ ಇಲ್ಲ, ಆರ್ಡರ್ ಹಾಕಬೇಕು ಅನ್ನುವ ಉತ್ತರವೇ ಜಾಸ್ತಿ. ಆದರೂ ಅಲ್ಲಿಗೆ ಹೋಗಿ ಪಾರ್ಟ್ ನಂಬರ್ ಬರೆಸಿಕೊಳ್ಳಿ, ಅದೇ ದೊಡ್ಡ ಲಾಭ. ಆಮೇಲೆ ಬೆಂಗಳೂರಿನ ಆಟೋ ಪಾರ್ಟ್ಸ್ ಅಂಗಡಿಗಳ ಜೆ.ಸಿ. ರೋಡ್. ಅಲ್ಲಿ ‘ವ್ಯಾಕ್ಯೂಮ್ ಪೈಪ್ ಕೊಡಿ’ ಅಂತ ಬರಿಗೈಯಲ್ಲಿ ಕೇಳಿದರೆ ಸುಮ್ನೆ ಅಂಗಡಿಯಿಂದ ಅಂಗಡಿಗೆ ಅಲೆಯುವುದಾಗುತ್ತದೆ. ನಂಬರ್ ಜೊತೆಗೆ ಹಳೆ ಪೈಪನ್ನೂ ತೆಗೆದುಕೊಂಡು ಹೋಗಿ ಕೌಂಟರ್ ಮೇಲೆ ಇಟ್ಟೆ. ಅಲ್ಲಿದ್ದ ಹಿರಿಯರು ಪೈಪನ್ನು ಮೂಗಿನ ಹತ್ತಿರ ಹಿಡಿದು, ‘ಇದರಲ್ಲಿ ಆಯಿಲ್ ಹೋಗುತ್ತೆ ಸಾರ್, ಮಾಮೂಲಿ ಪೈಪ್ ಹಾಕಬೇಡಿ’ ಅಂದರು. ಅಷ್ಟು ಹೇಳುವ ಅಂಗಡಿ ಸಿಕ್ಕರೆ ಬಿಡಬೇಡಿ.

ಮುಖ್ಯ ವಿಷಯ ಅದೇ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಎಂಜಿನ್ ಬೇಯಲ್ಲಿರುವ ಕಪ್ಪು ಪೈಪುಗಳೆಲ್ಲ ನೋಡಲು ಒಂದೇ ಥರ, ಆದರೆ ಒಳಗೆ ಏನು ಹರಿಯುತ್ತದೆ ಅನ್ನುವುದರ ಮೇಲೆ ರಬ್ಬರ್ ಬೇರೆ. ಬರೀ ಗಾಳಿ ಎಳೆಯುವ ಸಣ್ಣ ಪೈಪಿಗೆ ಸಿಲಿಕಾನ್ ಟ್ಯೂಬ್ ನಡೆಯುತ್ತದೆ, ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಅದೇ ಬಣ್ಣಬಣ್ಣದ ಸಿಲಿಕಾನ್ ಅನ್ನು ಪಿಸಿವಿಗೆ ಹಾಕಿದರೆ ಎಣ್ಣೆಗೆ ಊದಿ ಹಾಳಾಗುತ್ತದೆ. ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡುವ ಡಬ್ಬಿಯ, ಅಂದರೆ ಕ್ಯಾನಿಸ್ಟರ್‌ನ, ಪೈಪಿಗೂ ಅದು ಬೇಡ, ಪೆಟ್ರೋಲ್ ತಡೆಯುವ ಹೋಸ್ ಬೇಕು. ಅಳತೆ ನೋಡುವುದು ಒಳಗಿನ ವ್ಯಾಸದಲ್ಲಿ. ಹಳೆ ಪೈಪಿನ ತುದಿ ಹಿಗ್ಗಿರುತ್ತದೆ, ಅದನ್ನು ಅಳೆಯಬೇಡಿ, ಪೈಪ್ ಕೂರುವ ಲೋಹದ ಮೂತಿಯನ್ನೇ ವರ್ನಿಯರ್‌ನಲ್ಲಿ ಅಳೆಯಿರಿ. ತೆಳು ಗೋಡೆಯ ಪೈಪ್ ಬಿಸಿಯಾದಾಗ ಎಳೆತಕ್ಕೆ ಒಳಗೆ ಕುಸಿದು ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಬೆರಳಲ್ಲಿ ಒತ್ತಿ ನೋಡಿಯೇ ಕೊಳ್ಳಿ.

ಬ್ರೇಕ್ ಬೂಸ್ಟರ್ (ಎಂಜಿನ್‌ನ ಎಳೆತ ಬಳಸಿ ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ಭಾಗ) ಪೈಪ್ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಕಂಪನಿ ಪಾರ್ಟ್ ಬಿಟ್ಟು ಬೇರೆ ಹಾಕಬೇಡಿ, ಎಷ್ಟು ದಿನ ಕಾಯಬೇಕಾದರೂ ಸರಿ. ಆ ಪೈಪ್ ಕೈಕೊಟ್ಟರೆ ಬ್ರೇಕ್ ಪೆಡಲ್ ಕಲ್ಲಿನ ಥರ ಗಟ್ಟಿಯಾಗುತ್ತದೆ. ಅದರಲ್ಲಿ ಒಂದು ಚೆಕ್ ವಾಲ್ವ್ ಕೂಡ ಇರುತ್ತದೆ, ಗಾಳಿಯನ್ನು ಎಂಜಿನ್ ಕಡೆಗೆ ಮಾತ್ರ ಬಿಡುತ್ತದೆ, ತಿರುಗಿಸಿ ಹಾಕಿದರೆ ಬೂಸ್ಟರ್ ಕೆಲಸವನ್ನೇ ಮಾಡುವುದಿಲ್ಲ. ಪರೀಕ್ಷೆ ಸುಲಭ. ಎಂಜಿನ್ ಆಫ್ ಇದ್ದಾಗ ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿಯಿರಿ, ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು.

ಶಿವಾಜಿನಗರದ ಗುಜರಿ ಕಡೆಯೂ ಒಂದು ಸುತ್ತು ಹಾಕಿದೆ. ಥ್ರಾಟಲ್ ಬಾಡಿ, ಬ್ರಾಕೆಟ್, ಮ್ಯಾನಿಫೋಲ್ಡ್‌ನಂಥ ಲೋಹದ ಸಾಮಾನಿಗೆ ಅದು ಒಳ್ಳೆ ಜಾಗ. ಸೆಕೆಂಡ್ ಹ್ಯಾಂಡ್ ರಬ್ಬರ್ ಮಾತ್ರ ಬೇಡವೇ ಬೇಡ, ಅದೂ ನಿಮ್ಮ ಗಾಡಿಯಷ್ಟೇ ವಯಸ್ಸಾದ ಪೈಪ್ ಅಲ್ವಾ.

ಪಿಸಿವಿ ಪೈಪ್ ಕಂಪನಿಯದ್ದೇ ಸಿಕ್ಕಿತು, ಜೊತೆಗೆ ಪಿಸಿವಿ ವಾಲ್ವ್ ಕೂಡ ತಂದೆ. ಹಳೆ ವಾಲ್ವ್ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದೇ ಇಲ್ಲ, ಅಂಟು ಕಟ್ಟಿ ಜಾಮ್ ಆಗಿತ್ತು. ಹೊಸದು ಟಕಟಕ ಅನ್ನುತ್ತೆ, ಅನ್ನಬೇಕು ಕೂಡ. ಥ್ರಾಟಲ್ ಬಾಡಿ ಗ್ಯಾಸ್ಕೆಟ್ ಕೂಡ ಅದೇ ಅಂಗಡಿಯಲ್ಲಿ ಸಿಕ್ಕಿತು. ಹಳೆ ಸ್ಪ್ರಿಂಗ್ ಕ್ಲಿಪ್ಪುಗಳು ಸಡಿಲವಾಗಿದ್ದವು, ಅವನ್ನೂ ಬದಲಾಯಿಸಿದೆ. ಸ್ಕ್ರೂ ಕ್ಲಾಂಪ್ ಹಾಕುವವರು ಜಾಸ್ತಿ ಬಿಗಿಯಬೇಡಿ, ಹೊಸ ಪೈಪ್ ಅಲ್ಲೇ ಕತ್ತರಿಸುತ್ತದೆ. ಸ್ಟಾರ್ಟ್ ಮಾಡಿ ಎಂಜಿನ್ ಬಿಸಿಯಾಗಲು ಬಿಟ್ಟೆ. ಸುಯ್ ಸದ್ದು ಇಲ್ಲ, ಐಡಲಿಂಗ್ ಇಳಿದು ಒಂದೇ ಸಮ ನಿಂತಿತು. ಐಡಲ್ ವಾಲ್ವ್ ಹಳೆಯದೇ ಇದೆ, ಚೆನ್ನಾಗಿ ಕೆಲಸ ಮಾಡ್ತಾ ಇದೆ.

ಕ್ಯಾನಿಸ್ಟರ್ ಕಡೆಯ ಎಲ್ ಆಕಾರದ ಪೈಪ್ ಮಾತ್ರ ಇನ್ನೂ ಸಿಕ್ಕಿಲ್ಲ. ಈಗಿರುವುದು ಸೀಳಿಲ್ಲ, ಆದರೆ ಗಟ್ಟಿಯಾಗಿದೆ, ಜಾಸ್ತಿ ದಿನ ಬರಲ್ಲ. ನೇರ ಪೈಪನ್ನು ಅಷ್ಟು ಸಣ್ಣ ತಿರುವಿಗೆ ಬಗ್ಗಿಸಿದರೆ ಮಡಚಿಕೊಳ್ಳುತ್ತದೆ, ಅಚ್ಚಿನಲ್ಲೇ ಆ ಆಕಾರಕ್ಕೆ ಬಂದ ಪೈಪ್ ಬೇಕು. ಮೈಸೂರು, ಹುಬ್ಬಳ್ಳಿ ಕಡೆ ಹಳೆ ಮಾರುತಿ ಸ್ಟಾಕ್ ಇಟ್ಟಿರುವ ಅಂಗಡಿ ಗೊತ್ತಿದ್ದವರು ತಿಳಿಸಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ.